ನೇಯ್ದವರೇ ಬಿಚ್ಚಬೇಕು

ಮಧುರೆ
ದೊಡ್ಡಬಳ್ಳಾಪುರ ತಾಲೂಕು
9 ಜೂನ್ 2024

ಆದಿಯಣ್ಣನವರಿಗೆ ಪ್ರಮೋದಾಳ ನಮಸ್ಕಾರ.

ನೀವು ಫೋನು ಎತ್ತುತ್ತಿಲ್ಲ. ಎತ್ತಿದ ನಿಮ್ಮ ತಮ್ಮನ ಮಗ ಮುರಳಿ, "ಕಾಗದ ಬರೀಬೇಕಂತೆ ಮೇಡಂ, ಫೋನಲ್ಲಿ ಆಡಿದ್ದನ್ನ ನಾಳೆ ಯಾರು ಬೇಕಾದ್ರೂ ಇಲ್ಲ ಅಂತಾರೆ ಅಂತಾನೆ ನಮ್ಮ ದೊಡ್ಡಪ್ಪ" ಎಂದ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ನೇಯ್ಗೆ ಬಡಿಯುವ ಬಾಚಣಿಗೆಯನ್ನು ಮಗ್ಗದ ಮೇಲಿಟ್ಟು ಎದ್ದು ಹೋಗಿ ತಿಂಗಳಾಗುತ್ತ ಬಂತು. ಹೋಟೆಲಿನ ಗೋಡೆಗೆ ಹೋಗುವ ಚಿತ್ರವನ್ನು ಮಿಕ್ಕವರು ನೇಯುತ್ತಿದ್ದಾರೆ. ಕೆರೆ ಮುಗಿಯಿತು, ಅದರಾಚೆಯ ದಿಣ್ಣೆ ಮುಗಿಯುತ್ತಿದೆ, ಇನ್ನು ಆಕಾಶ. ನೀವು ನೇಯ್ದ ಭಾಗ ಕೆಳಗಿನ ದಿಂಡಿಗೆ ಸುತ್ತಿಕೊಂಡು ಒಳಗೆ ಹೋಗಿದೆ. ಒಳಗಿದ್ದರೂ ಅದು ಇದೆ ಎಂಬುದು ಈಗ ನನಗೂ ಗೊತ್ತು, ಹೋಟೆಲಿನವರಿಗೂ ಗೊತ್ತು.

ಕಣ್ಣಿನ ಆಪರೇಷನ್ನಿಗಾಗಿ ನಾನು ಮೈಸೂರಿನ ತಂಗಿಯ ಮನೆಯಲ್ಲಿದ್ದ ವಾರಗಳಲ್ಲಿ ನೀವು ನನ್ನ ನಕ್ಷೆಯಲ್ಲಿ ಇಲ್ಲದ್ದನ್ನು ನೇಯ್ದಿರಿ. ಕೆರೆ ಏರಿಯ ಪಕ್ಕ, ಅಂಗೈಯಗಲದ ನೀಲಿ. ನಿಮ್ಮ ಕಾಡುಕುಂಟೆಯಲ್ಲಿ ಭೂಸ್ವಾಧೀನದ ವಿರುದ್ಧ ಧರಣಿ ಕೂತಿರುವ ಟಾರ್ಪಾಲಿನ ಚಪ್ಪರ. ಅದೂ ಉಣ್ಣೆಯಲ್ಲಲ್ಲ; ನಿಜವಾದ ಟಾರ್ಪಾಲನ್ನು ಎಳೆ ಎಳೆಯಾಗಿ ಸೀಳಿ ತಂದು ನೇಯ್ದಿದ್ದೀರಿ. ನಾವು ಮಗ್ಗದ ಹಿಂದೆ ಕೂತು ನೇಯುವವರು, ಚಿತ್ರದ ಮುಖ ಆಚೆ ಕಡೆಗಿರುತ್ತದೆ, ಕನ್ನಡಿ ಹಿಡಿದರೆ ಮಾತ್ರ ಕಾಣುತ್ತದೆ. ಯಾರೂ ಕನ್ನಡಿ ಹಿಡಿಯಲಿಲ್ಲ. ನಮ್ಮ ಮಗ್ಗದ ಹುಡುಗಿ ರಮ್ಯಶ್ರೀ ಇಂಟರ್‌ನೆಟ್ಟಿಗೆ ಹಾಕಲೆಂದು ಆಚೆ ಹೋಗಿ ಫೋಟೋ ತೆಗೆದಾಗ ಆ ಪ್ಲಾಸ್ಟಿಕ್ ಮಿಂಚಿತು.

ಹೋಟೆಲಿನ ಹರಿಪ್ರಸಾದ್ ಫೋಟೋವನ್ನು ದೊಡ್ಡದು ಮಾಡಿ ನೋಡಿದ್ದಾನೆ. "ಮೇಡಂ, ಏರ್‌ಪೋರ್ಟಿಂದ ಬಂದ ಗೆಸ್ಟು ಮೊದ್ಲು ನೋಡೋ ಗೋಡೆ ಅದು. ಅಲ್ಲಿ ಧರಣಿ ಟೆಂಟು ಬೇಡ" ಎಂದ. ಕೂಗಾಡಲಿಲ್ಲ. ತೆಗೆಯದಿದ್ದರೆ ತೆಗೆದುಕೊಳ್ಳುವುದಿಲ್ಲ ಎಂದಷ್ಟೇ ಹೇಳಿದ.

ಅದನ್ನು ನಾನೇ ಬಿಚ್ಚಬಹುದಿತ್ತು. ನಮ್ಮ ನೇಯ್ಗೆ ಸೀರೆಯಂತಲ್ಲ. ಒಂದೊಂದು ಬಣ್ಣವೂ ತನ್ನ ಜಾಗದೊಳಗೇ ಹೋಗಿ ಬಂದು ನಿಲ್ಲುತ್ತದೆ, ಅಕ್ಕಪಕ್ಕದ್ದು ಕೆಡದಂತೆ ಅದೊಂದನ್ನೇ ತೆಗೆಯಬಹುದು. ಆದರೆ ಇಲ್ಲಿ ನೇಯ್ದವರೇ ಬಿಚ್ಚಬೇಕು. ಆ ಕಟ್ಟಳೆಯನ್ನು ನಾನು ಮುರಿಯುವುದಿಲ್ಲ. ದಸರೆಯ ಹೊತ್ತಿಗೆ ಇದನ್ನು ಮಗ್ಗದಿಂದ ಕತ್ತರಿಸಬೇಕು. ಕತ್ತರಿಸಿದರೆ ಹಾಸಿನ ನೂಲುಗಳ ಬಿಗಿ ಹೋಗುತ್ತದೆ, ಆಮೇಲೆ ಏನು ಮಾಡಿದರೂ ಸುಕ್ಕು. ಅದಕ್ಕೆ ಮೊದಲು ಬಂದು ತೆಗೆದುಕೊಡಿ. ಇಲ್ಲಿ ಒಂಬತ್ತು ಜನ ನಿಮ್ಮ ದಾರಿ ನೋಡುತ್ತಿದ್ದಾರೆ.

ನಿಮ್ಮ
ಪ್ರಮೋದಾ


ಕಾಡುಕುಂಟೆ, ಚನ್ನರಾಯಪಟ್ಟಣ ಹೋಬಳಿ
17 ಜೂನ್ 2024

ಶ್ರೀಮತಿ ಪ್ರಮೋದಾ ಅವರಿಗೆ,

ಕಾಗದ ತಲುಪಿತು. ನಕ್ಷೆಯಲ್ಲಿ ಇಲ್ಲದ್ದನ್ನು ನೇಯ್ದೆ ಎಂದಿದ್ದೀರಿ. ನಕ್ಷೆಯಲ್ಲಿ ಇಲ್ಲ, ನಿಜ. ನೆಲದ ಮೇಲೆ ಇದೆ. ಎರಡು ವರ್ಷದಿಂದ ಇದೆ.

ನನಗೆ ಮರೆವು ಕಡಿಮೆ ಎಂಬುದು ನಿಮಗೆ ಗೊತ್ತು, ಹಾಗಾಗಿ ಕೆಲವನ್ನು ನೆನಪಿಸುತ್ತೇನೆ. ನಾನು ಆಗ ನೇಯುತ್ತಿದ್ದ ದೊಡ್ಡಬಳ್ಳಾಪುರದ ಬೀದಿಯಲ್ಲಿ ಪವರ್‌ಲೂಮು ಬಂದು ಕೈಮಗ್ಗಗಳು ಒಂದೊಂದಾಗಿ ಮೂಲೆ ಸೇರುತ್ತಿದ್ದ ಕಾಲದಲ್ಲಿ ನೀವು ಚಿತ್ರ ಸುತ್ತಿಕೊಂಡು ಬಂದಿರಿ. 1991ರ ಬೇಸಿಗೆ. ನಿಂತ ಮಗ್ಗ, ಲಾಳಿ ಇಲ್ಲ, ದಿನವಿಡೀ ಕೂತರೆ ಗೇಣು ನೇಯ್ಗೆ ಎಂದಿರಿ. ಜಗಲಿಯ ಮೇಲೆ ಕೂತವರು ನಕ್ಕರು. "ಗೇಣು ನೇಯ್ದು ಯಾರ್ಗೆ ಲಂಗೋಟಿ ಕಟ್ತೀರಮ್ಮ" ಎಂದವನು ಈಗ ಇಲ್ಲ. ನಿಮ್ಮ ಹಿಂದೆ ಬಂದವರು ಇಬ್ಬರೇ, ನಾನು ಮತ್ತು ಅಪ್ಪಯ್ಯಣ್ಣ. ಮಧುರೆಯಲ್ಲಿ ಹುಳು ಸಾಕುವುದನ್ನು ಬಿಟ್ಟಿದ್ದ ಒಂದು ರೇಷ್ಮೆ ಮನೆ. ಮೊದಲ ವರ್ಷ ನೇಯ್ದ ಉಣ್ಣೆಗೆಲ್ಲ ಹುಳುವಿನ ವಾಸನೆ ಹತ್ತಿತ್ತು.

1996. ಜಾನುವಾರು ಜಾತ್ರೆಯ ಚಿತ್ರ. ಅಪ್ಪಯ್ಯಣ್ಣ ಊಟಕ್ಕೆ ಹೋಗಿದ್ದ. ಅವನು ನೇಯ್ದ ಎತ್ತಿನ ಕಿವಿ ನಿಮ್ಮ ಗೆರೆಗಿಂತ ಉದ್ದವಾಯಿತೆಂದು ನೀವು ಬಿಚ್ಚಿದಿರಿ. ಅವನು ಬಂದು ನೋಡಿದ. ತೊಳೆದು ಬಂದಿದ್ದ ಕೈಯನ್ನು ಇನ್ನೊಮ್ಮೆ ತೊಳೆದುಕೊಂಡು ಹೊರಟುಹೋದ. ನೀವು ಅವನ ಮನೆಗೆ ಎಷ್ಟು ಸಲ ಹೋದಿರೋ ನನಗೆ ತಿಳಿಯದು, ಅವನಂತೂ ಬರಲಿಲ್ಲ. ಆಮೇಲೆ ನೀವೇ ನಮ್ಮನ್ನೆಲ್ಲ ಕೂರಿಸಿಕೊಂಡು, ಇಲ್ಲಿ ನೇಯ್ದವರೇ ಬಿಚ್ಚಬೇಕು ಎಂದಿರಿ. ಕಟ್ಟಳೆ ನಿಮ್ಮ ಔದಾರ್ಯದಿಂದ ಬಂದದ್ದಲ್ಲ. ಅಪ್ಪಯ್ಯಣ್ಣ ಎದ್ದುಹೋಗಿದ್ದರಿಂದ ಬಂದದ್ದು.

ಇನ್ನು ನಿಮ್ಮ ನಕ್ಷೆ. ಕೆರೆ ಇದೆ, ರಾಗಿ ಹೊಲ ಇದೆ, ದ್ರಾಕ್ಷಿ ಚಪ್ಪರ ಇದೆ, ನೀರಿನಲ್ಲಿ ಕೊಕ್ಕರೆಯೂ ಇದೆ. ಮನುಷ್ಯರು ಮಾತ್ರ ಇಲ್ಲ. ಹೀಗೆ ಜನರನ್ನು ಬಿಟ್ಟು ನೆಲವನ್ನಷ್ಟೇ ಬರೆಯುವವರು ಇನ್ನೂ ಒಬ್ಬರಿದ್ದಾರೆ. ಅವರದಕ್ಕೆ ಸರ್ವೆ ನಂಬರು ಹಾಕಿರುತ್ತಾರೆ, ನೀವು ಬಣ್ಣ ಹಾಕಿದ್ದೀರಿ. ಚಿಕ್ಕಂದಿನಲ್ಲಿ ನಾನು ಬಸ್ಸಿಳಿಯುತ್ತಿದ್ದ ಒಂದು ನಿಲ್ದಾಣ ಈಗ ರನ್‌ವೇ ಒಳಗಿದೆ. ಅಲ್ಲಿ ಏನಿತ್ತು ಎಂದು ಹೇಳುವ ಒಂದು ಚಿತ್ರವೂ ಉಳಿದಿಲ್ಲ. ಅದು ಇನ್ನೊಮ್ಮೆ ಆಗಬಾರದೆಂದು ನಾನು ಅಂಗೈಯಗಲ ನೇಯ್ದೆ.

ಬಿಚ್ಚುವುದಿಲ್ಲ.

ಇತಿ,
ಆದಿನಾರಾಯಣಪ್ಪ


ಮಧುರೆ
26 ಜೂನ್ 2024

ಆದಿಯಣ್ಣನವರಿಗೆ,

ಅಪ್ಪಯ್ಯಣ್ಣನ ಹೆಸರು ಬರುತ್ತದೆಂದು ಗೊತ್ತಿತ್ತು. ಎಷ್ಟು ವರ್ಷವಾದರೂ ನಿಮ್ಮ ಕೈಯಲ್ಲಿ ಆ ಕಲ್ಲು ಇರುತ್ತದೆ.

ಆ ದಿನ ಆಡಿದ ಮಾತಿನಲ್ಲಿ ಅರ್ಧವನ್ನು ಮಾತ್ರ ನೆನಪಿಟ್ಟುಕೊಂಡಿದ್ದೀರಿ. ನೇಯ್ದವರೇ ಬಿಚ್ಚಬೇಕು, ಸರಿ. ಅದರ ಜೊತೆಗೇ, ಗೆರೆ ನನ್ನದು, ಬಣ್ಣ ನೇಯುವವರದು ಎಂದೂ ಆಗಿತ್ತು. ಒಪ್ಪಿದವರಲ್ಲಿ ನೀವೇ ಮೊದಲಿಗರು. ಹಸಿರು ಯಾವ ಹಸಿರು, ನೀರು ಎಷ್ಟು ಕಪ್ಪು ಎಂಬುದನ್ನು ಇಷ್ಟು ವರ್ಷ ನಿಮಗೇ ಬಿಟ್ಟೆ. ನನ್ನ ಎಷ್ಟೋ ಚಿತ್ರಗಳು ನಿಮ್ಮಿಂದ ಉಳಿದುಕೊಂಡವು. ಹಾಗೆಂದು ನಾನೆಂದಾದರೂ ನಿಮ್ಮ ನೂಲಿನ ಕಂಡಿಕೆ ಕಿತ್ತುಕೊಂಡು ಬಣ್ಣ ಬದಲಾಯಿಸಿದೆನೇ? ನೀವು ನನ್ನ ಗೆರೆಯನ್ನು ಬದಲಾಯಿಸಿದಿರಿ. ಅದೂ ನಾನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ. ನನ್ನನ್ನು ಒಂದು ಮಾತು ಕೇಳಬಹುದಿತ್ತು.

ಜನರಿಲ್ಲ ಎಂದಿರಿ. ನಾನು ಬರೆದದ್ದು ಮುಂಜಾವಿನ ಕೆರೆ. ಹೋಟೆಲಿನವರು ಜನ ಬೇಡ ಎನ್ನಲಿಲ್ಲ, ನನಗೇ ಬೇಡವಾಗಿತ್ತು. ಅದು ತಪ್ಪೆಂದು ನಿಮಗೆ ಕಂಡಿದ್ದರೆ ಹಾಸು ಹೂಡುವ ದಿನವೇ ಹೇಳಬಹುದಿತ್ತು. ನೀವು ಹೇಳದೆ ಸುಮ್ಮನಿರುವವರೇನೂ ಅಲ್ಲ, ಇಡೀ ತಾಲೂಕಿನ ಪತ್ರಿಕೆಗಳಿಗೆ ಓದುಗರ ಪತ್ರ ಬರೆದವರು.

ಮತ್ತೆ ಆ ಪ್ಲಾಸ್ಟಿಕ್. ಪಾಲಿಯೆಸ್ಟರ್ ಬೆರೆಸಿದ ನೂಲನ್ನು ಮೂಸಿ ನೋಡಿ ಅಂಗಳಕ್ಕೆ ಎಸೆದವರು ನೀವು. ಬೆಳಕು ಬಿದ್ದು ಬಿದ್ದು ಅದು ಪುಡಿಯಾಗುತ್ತದೆ, ಸುತ್ತಲಿನ ಉಣ್ಣೆಯನ್ನು ಎಳೆಯುತ್ತದೆ, ಹತ್ತು ವರ್ಷದಲ್ಲಿ ಅಲ್ಲಿ ತೂತು ಬೀಳುತ್ತದೆ. ಇದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಮೊನ್ನೆ ದಿಂಡು ಹಿಂದಕ್ಕೆ ಹೊರಳಿಸಿ ನೋಡಿದೆ. ಪೊರೆ ತೆಗೆದ ಮೇಲೆ ನೀಲಿ ಬಣ್ಣ ನನಗೆ ಹೊಸದಾಗಿ ಕಾಣುತ್ತಿದೆ, ಇಷ್ಟು ದಿನ ಎಲ್ಲ ನೀಲಿಯನ್ನೂ ಹಳದಿ ಗಾಜಿನಲ್ಲಿ ನೋಡುತ್ತಿದ್ದೆನಂತೆ. ಚಪ್ಪರದ ಒಂದು ಮೂಲೆ ಗಾಳಿಗೆ ಎದ್ದಂತೆ ನೇಯ್ದಿದ್ದೀರಿ. ಚೆನ್ನಾಗಿದೆ. ಅದು ಬೇರೆ ಮಾತು.

ಬಂದು ಬಿಚ್ಚಿ.

ಪ್ರಮೋದಾ


ಕಾಡುಕುಂಟೆ
8 ಜುಲೈ 2024

ಪ್ರಮೋದಾ ಅವರಿಗೆ,

ಕೇಳಿದ್ದರೆ ಬೇಡ ಎನ್ನುತ್ತಿದ್ದಿರಿ. ಬೇಡ ಎಂದ ಮೇಲೆ ನೇಯ್ದಿದ್ದರೆ ಅದು ನಿಮಗೆ ಮಾಡಿದ ಅವಮಾನ. ಅದಕ್ಕೇ ಕೇಳಲಿಲ್ಲ. ಇದಕ್ಕಿಂತ ಹೆಚ್ಚಿನ ಸಮಜಾಯಿಷಿ ನನ್ನಲ್ಲಿಲ್ಲ.

ಹೋದ ವಾರ ಅಳತೆಯವರು ಬಂದಿದ್ದರು, ಜೊತೆಗೆ ಪೊಲೀಸರ ಜೀಪು. ಚಪ್ಪರದಲ್ಲಿ ಎಂಟೋ ಹತ್ತೋ ಜನ ಇದ್ದೆವು, ನಾಟಿ ಕಾಲ, ಮಿಕ್ಕವರು ಹೊಲದಲ್ಲಿದ್ದರು. ಸಬ್‌ಇನ್‌ಸ್ಪೆಕ್ಟರು ಇನ್ನೂ ಹುಡುಗ. ನಮ್ಮೂರಿನ ಸೊಣ್ಣಪ್ಪನ ತಾಯಿ ಪಾಪಮ್ಮನನ್ನು ನೋಡಿ, ಅಜ್ಜಿ, ಯಾಕೆ ಈ ವಯಸ್ಸಲ್ಲಿ ಒದ್ದಾಡ್ತೀರಿ, ಮನೆಗೆ ಹೋಗಿ ಎಂದ. ಪಾಪಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. "ಇದು ನನ್ ಮನೆ ಅಂತ ಹೇಳಕ್ಕೇ ಕುಂತಿವ್ನಿ ಕಣಪ್ಪ. ನೀನು ಎಲ್ಲಿಂದ ಬಂದೆ?" ಎಂದಳು. ಆ ಹುಡುಗ ಜೀಪಿನ ಕಡೆ ತಿರುಗಿದ. ಅಳತೆಯವರು ಮಾತ್ರ ಚಪ್ಪರದ ಆ ಕಡೆಯಿಂದ ಟೇಪು ಹಿಡಿದು ಅಳೆದುಕೊಂಡು ಹೋದರು. ನಮ್ಮನ್ನು ಬಂಡೆ ಬಳಸುವ ಹಾಗೆ ಬಳಸಿಕೊಂಡು ಹೋದರು.

ನಿಮ್ಮ ಚಿತ್ರವೂ ಹಾಗೇ ಬಳಸಿಕೊಂಡು ಹೋಗಬೇಕೆಂದು ಆ ಹೋಟೆಲಿನವನು ಕೇಳುತ್ತಿದ್ದಾನೆ. ನೀವು ಅದನ್ನು ನನ್ನ ಕೈಯಿಂದ ಮಾಡಿಸಬೇಕೆಂದಿದ್ದೀರಿ.

ಪ್ಲಾಸ್ಟಿಕ್ಕಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಪುಡಿಯಾಗುತ್ತದೆ. ಚಪ್ಪರವೂ ಪ್ರತಿ ಮಳೆಗಾಲ ಹರಿಯುತ್ತದೆ, ನಾವು ಬೇರೆ ಕಟ್ಟುತ್ತೇವೆ.

ಆದಿನಾರಾಯಣಪ್ಪ


ಮಧುರೆ
29 ಜುಲೈ 2024

ಆದಿಯಣ್ಣನವರಿಗೆ,

ಮೂರು ವಾರ ಉತ್ತರ ಬರೆಯಲಿಲ್ಲ. ನಿಮ್ಮ ಕಾಗದವನ್ನು ಎದುರಿಟ್ಟುಕೊಂಡು ಪಾಪಮ್ಮನವರಿಗೆ ಏನು ಉತ್ತರ ಹೇಳಲಿ ಎಂದು ಯೋಚಿಸಿದೆ.

ಶನಿವಾರ ಹರಿಪ್ರಸಾದ್ ತಾನೇ ಬಂದ. ಬೆಂಗಳೂರಿನಿಂದ ಹಳೆಯ ರತ್ನಗಂಬಳಿ ರಿಪೇರಿ ಮಾಡುವವನೊಬ್ಬನನ್ನು ಕರೆದುಕೊಂಡು ಬಂದಿದ್ದ. ಆ ಮನುಷ್ಯ ದಿಂಡು ಹೊರಳಿಸಿ ನೋಡಿ, "ಒಂದು ಬೆಳಗ್ಗೆ ಸಾಕು ಮೇಡಂ, ಸೂಜೀಲಿ ಹಸಿರು ತುಂಬಿಕೊಡ್ತೀನಿ, ಯಾರ್ಗೂ ಗೊತ್ತಾಗಲ್ಲ" ಎಂದ. ಒಳ್ಳೆಯ ಕೆಲಸಗಾರನೇ. ಸುಳ್ಳು ಹೇಳುತ್ತಿರಲಿಲ್ಲ. ಹರಿಪ್ರಸಾದ್ ಹೊರಗೆ ನಿಂತು ನನಗೆ ಬುದ್ಧಿ ಹೇಳಿದ. ತನ್ನ ತಾತನೂ ಹೊಸಕೋಟೆ ಕಡೆಯವರೇ, ಅವರ ಜಮೀನೂ ಹೋಗಿದೆಯಂತೆ, ಆದರೆ ತಾನು ಅದನ್ನೇ ಹಿಡಿದು ಕೂತಿಲ್ಲವಂತೆ. ಈ ಗೋಡೆಯಾದ ಮೇಲೆ ಅವರ ಇನ್ನೂ ಮೂರು ಕಡೆಯ ಗೋಡೆಗಳಿವೆ. ಅವು ಬಂದರೆ ಇಲ್ಲಿ ನಾಲ್ಕು ವರ್ಷ ಮಗ್ಗ ನಿಲ್ಲುವುದಿಲ್ಲ. ಬರದಿದ್ದರೆ ಸಂಕ್ರಾಂತಿಯ ಹೊತ್ತಿಗೆ ನಾನು ಬಾಗಿಲು ಹಾಕಬೇಕು. ಹೆದರಿಸಲು ಹೇಳುತ್ತಿಲ್ಲ. ನಿಮಗೆ ಈ ಮನೆಯ ಲೆಕ್ಕ ಗೊತ್ತು.

ಆ ದಿನ ಇಬ್ಬರನ್ನೂ ಕಳಿಸಿಬಿಟ್ಟೆ. ಗೌರಿಹಬ್ಬದವರೆಗೆ ಕಾಯುತ್ತೇನೆ ಎಂದು ಹೇಳಿದ್ದೇನೆ. ನೀವು ಬರದಿದ್ದರೆ ಆ ಮನುಷ್ಯನನ್ನು ಕರೆಸುತ್ತೇನೆ. ಕಟ್ಟಳೆ ಮುರಿಯುವುದಿಲ್ಲ ಎಂದು ಜೂನಿನಲ್ಲಿ ಬರೆದಿದ್ದೆ. ಈಗ ಹಾಗೆ ಬರೆಯಲಾರೆ.

ಪ್ರಮೋದಾ


ಮಧುರೆ
5 ಆಗಸ್ಟ್ 2024

ಆದಿಯಣ್ಣಂಗೆ ಮಾರಕ್ಕ ಮಾಡೋ ನಮಸ್ಕಾರ. ನಾನು ಹೇಳ್ತಾ ಇವ್ನಿ, ರಮ್ಯಶ್ರೀ ಬರೀತಾವ್ಳೆ. ಪ್ರಮೋದಕ್ಕಂಗೆ ಗೊತ್ತಿಲ್ಲ. ನೀನು ಹೇಳ್ಬೇಡ.

ಅಣ್ಣ, ನೀನು ನೀಲಿ ನೇಯೋವಾಗ ಪಕ್ಕದಲ್ಲಿ ಕುಂತಿದ್ದೋಳು ನಾನೇ. ನೋಡಿದ್ದೆ, ಸುಮ್ಕಿದ್ದೆ. ನಿನ್ನ ಮಾತಿಗೆ ಎದುರಾಡಿದ್ದೋಳಲ್ಲ ನಾನು. ಕಂಡಿಕೆ ಸುತ್ತೋಕೆ ಬಂದ ಹುಡುಗೀನ ಮಗ್ಗದ ಮೇಲೆ ಕೂರ್ಸಿದೋನು ನೀನು.

ಅವತ್ತು ಕಂಬಳಿಯೋನು ಬಂದಿದ್ನಲ್ಲ, ಬರೀ ನೋಡ್ತೀನಿ ಅಂದೋನು ಕತ್ರಿ ತೆಗ್ದ. ನಾನು ನೀಲಿ ಮೇಲೆ ಕೈ ಇಟ್ಟೆ. ತೆಗೀಮ್ಮ ಕೈ ಅಂದ. ಇದು ನಮ್ಮಣ್ಣನ ಜಾಗ, ನೀನು ಮುಟ್ಟಂಗಿಲ್ಲ ಅಂದೆ. ಅಕ್ಕ ಬಂದು ಅವ್ರನ್ನ ಕಳ್ಸಿದ್ಲು. ಹಂಗಂತ ದಿನಾ ಕೈ ಇಟ್ಕೊಂಡು ಕೂರಕ್ಕಾಗ್ತದಾ ಹೇಳು.

ನಿಂಗೆ ನಿನ್ನೂರು ದೊಡ್ದು. ಇಲ್ಲ ಅನ್ನಲ್ಲ. ನನ್ ಗಂಡನ ಮನೆ ದೊಡ್ಡಬೆಳವಂಗಲ, ಇಷ್ಟು ವರ್ಷ ಆದ್ರೂ ಅಲ್ಲಿ ನಾನು ಇಂಥೋನ ಹೆಂಡ್ತಿ ಅಷ್ಟೇ. ಇಲ್ಲಿ ಈ ಆಕಾಶ ಯಾರು ನೇಯ್ದಿದ್ದು ಅಂದ್ರೆ ಮಾರಕ್ಕ ಅಂತಾರೆ. ಈ ಮನೆ ಬಾಗ್ಲು ಹಾಕ್ಬಿಟ್ರೆ ನಾನು ಈ ವಯಸ್ಸಲ್ಲಿ ಗಾರ್ಮೆಂಟ್ಸ್ ವ್ಯಾನ್ ಹತ್ಬೇಕು. ಕಾಲರ್ ಹೊಲೀಬೇಕು. ನೀನು ಧರಣಿ ಕುಂತಿದ್ದೀಯ ನಿನ್ನ ಜಾಗಕ್ಕೆ. ನಾನು ಎಲ್ಲಿ ಕೂರ್ಲಿ?

ಬಂದು ನಿನ್ನ ಕೈಯಿಂದಾನೇ ತೆಗೆ ಅಣ್ಣ. ಯಾರೋ ಕತ್ರಿ ಹಾಕೋದು ಬೇಡ. ಪ್ರಮೋದಕ್ಕ ನಿನ್ನ ಕಾಗದ ಬಂದ ದಿನ ಊಟ ಮಾಡಲ್ಲ. ಇದನ್ನ ಬರೀಬೇಡ ಅಂದೆ, ಈ ಹುಡುಗಿ ಬರ್ದುಬಿಟ್ಟವ್ಳೆ.

ಮಾರಕ್ಕ


ಕಾಡುಕುಂಟೆ
14 ಆಗಸ್ಟ್ 2024

ಪ್ರಮೋದಾ ಅವರಿಗೆ,

ಸೋಮವಾರ ಬರುತ್ತೇನೆ. ಬಿಚ್ಚಿ ಹೋಗುತ್ತೇನೆ. ದಿಂಡು ಹೊರಳಿಸಿ ಆ ಜಾಗ ಕೈಗೆ ಎಟಕುವಂತೆ ಇಟ್ಟಿರಿ.

ಇಲ್ಲಿಯ ಸುದ್ದಿ ನೀವು ಪತ್ರಿಕೆಯಲ್ಲಿ ಓದಿರಬಹುದು. ಕಾಡುಕುಂಟೆಯನ್ನು ಸ್ವಾಧೀನದಿಂದ ಕೈಬಿಟ್ಟಿದ್ದೇವೆ ಎಂದು ಆದೇಶ ಬಂದಿದೆ. ಕೆರೆಯಾಚೆಯ ಎರಡು ಊರನ್ನು ಕೈಬಿಟ್ಟಿಲ್ಲ. ಸುದ್ದಿ ಬಂದ ದಿನ ನಮ್ಮ ಹುಡುಗರು ಪಟಾಕಿ ಹೊಡೆದರು. ಹೊಡೆಯಬೇಡಿ, ಆಚೆಯವರು ಇನ್ನೂ ಇಲ್ಲೇ ಕೂತಿದ್ದಾರೆ ಎಂದೆ. ಮುರಳಿ, "ಎರಡು ವರ್ಷ ಕುಂತಿದ್ದೀವಿ ದೊಡ್ಡಪ್ಪ, ಒಂದಿನ ನಗೋಕೂ ನಿನ್ನ ಕೇಳ್ಬೇಕಾ" ಎಂದ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಚಪ್ಪರ ಬಿಚ್ಚಿ, ಬಿದಿರಿನ ಗಳು ಎಣಿಸಿ, ಟಾರ್ಪಾಲು ಮಡಿಸಿ ಎತ್ತಿಟ್ಟರು. ಆಚೆ ಊರಿನ ಹೆಂಗಸರು ತಮ್ಮ ಚಾಪೆ ಸುತ್ತಿಕೊಂಡು ಏರಿಯ ಮೇಲೆ ಸಾಲಾಗಿ ನಡೆದು ಹೋದರು. ಅವರಲ್ಲಿ ಒಬ್ಬರೂ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಚಪ್ಪರ ಹೋಯಿತೆಂದು ನಾನು ಬಿಚ್ಚಲು ಒಪ್ಪಿದ್ದಲ್ಲ. ಎಲ್ಲೂ ಇಲ್ಲವಾದ ಮೇಲೆ ಅಲ್ಲಾದರೂ ಇರಲಿ ಎಂದು ಈಗ ಇನ್ನೂ ಹೆಚ್ಚು ಅನ್ನಿಸುತ್ತದೆ. ಆದರೆ ಅದರ ಮೇಲೆ ಬೇರೆಯವರ ಕತ್ತರಿ ಬೀಳುವುದನ್ನು ನಾನು ಸಹಿಸಲಾರೆ, ಮಾರಕ್ಕನಂಥವರ ಜೀವನದ ಮೇಲೆ ನನ್ನ ಹಟವನ್ನು ಹೇರಲೂ ಆರೆ.

ಒಂದು ಮಾತು ತಿಳಿದಿರಲಿ. ಬಿಚ್ಚುವುದು ನನ್ನ ಕೆಲಸ. ತುಂಬುವುದು ನನ್ನದಲ್ಲ. ಊಟ, ಕಾಫಿ ಬೇಡ. ಮಾತೂ ಬೇಡ.

ಆದಿನಾರಾಯಣಪ್ಪ


ಮಧುರೆ
24 ಆಗಸ್ಟ್ 2024

ಆದಿಯಣ್ಣನವರಿಗೆ,

ನೀವು ಹೇಳಿದಂತೆಯೇ ನಡೆದುಕೊಂಡೆವು. ಬಂದಿರಿ, ಚಪ್ಪಲಿ ಬಿಟ್ಟಿರಿ, ಕೂತಿರಿ. ಕತ್ತರಿ ಮುಟ್ಟಲಿಲ್ಲ. ಸೂಜಿಯ ಮೊನೆಯಿಂದ ಒಂದೊಂದೇ ಎಳೆ ಎತ್ತಿ, ತುಂಡಾಗದಂತೆ ಎಳೆದು ತೆಗೆದು, ಬೆರಳಿಗೆ ಸುತ್ತಿಕೊಂಡಿರಿ. ಅಷ್ಟೂ ಹೊತ್ತು ಮಿಕ್ಕವರು ಯಾರೂ ಬಾಚಣಿಗೆ ಬಡಿಯಲಿಲ್ಲ. ನಾನು ಹೇಳಿರಲಿಲ್ಲ, ಅವರಾಗಿಯೇ ನಿಲ್ಲಿಸಿದ್ದರು. ನೀಲಿಯ ಸುರುಳಿಯನ್ನು ಜೇಬಿಗೆ ಹಾಕಿಕೊಂಡು ಎದ್ದಿರಿ. ಬಾಗಿಲಲ್ಲಿ ನನ್ನ ಮುಖ ನೋಡುತ್ತೀರೇನೋ ಎಂದುಕೊಂಡೆ.

ನೀವು ಹೋದ ಮೇಲೆ ನಡೆದದ್ದನ್ನು ಹೇಳಬೇಕು. ಅಲ್ಲಿ ಈಗ ಬರೀ ಹಾಸು ಇದೆ. ಸುತ್ತ ಹಸಿರು, ನಡುವೆ ಬಿಳಿಯ ನೂಲುಗಳು ಕಂಬಿಯ ಹಾಗೆ ನೆಟ್ಟಗೆ ನಿಂತಿವೆ, ಅದರೊಳಗಿಂದ ಆಚೆಯ ಗೋಡೆ ಕಾಣುತ್ತದೆ. ಮಾರಕ್ಕನಿಗೆ ಹಸಿರು ಕಂಡಿಕೆ ಕೊಟ್ಟು ತುಂಬು ಎಂದೆ. ತೆಗೆದುಕೊಂಡಳು, ಮಗ್ಗಕ್ಕೆ ಕೂತಳು, ಕಂಡಿಕೆಯನ್ನು ನನ್ನ ಕೈಗೇ ವಾಪಸು ಇಟ್ಟಳು. "ಅಕ್ಕ, ನನ್ನ ಕೈಲಾಗಲ್ಲ. ಬೇಕಾದ್ರೆ ಬೈಯಿ" ಎಂದಳು. ಇನ್ನೊಬ್ಬರನ್ನು ಕೇಳಲು ನನಗೆ ಬಾಯಿ ಬರಲಿಲ್ಲ.

ಹರಿಪ್ರಸಾದ್‌ಗೆ ಫೋಟೋ ಕಳಿಸಿದೆ. ನೀಲಿ ಹೋಯಿತಲ್ಲ, ಸಂತೋಷ, ಇನ್ನು ಹಸಿರು ತುಂಬಿ ಮುಗಿಸಿ ಎಂದ.

ಏನು ಮಾಡಲಿ? ಬೈಯುವುದಾದರೂ ಸರಿ, ಉತ್ತರ ಬರೆಯಿರಿ.

ಪ್ರಮೋದಾ


ಮಧುರೆ
22 ಸೆಪ್ಟೆಂಬರ್ 2024

ಆದಿಯಣ್ಣನವರಿಗೆ,

ನೀವು ಬರೆಯಲಿಲ್ಲ. ಗೌರಿ ಗಣೇಶ ಎಲ್ಲ ಕಳೆಯಿತು.

ಹೋದ ಗುರುವಾರ ನಾನು ಕಾಡುಕುಂಟೆಗೆ ಬಂದಿದ್ದೆ. ಮುರಳಿ ಹೇಳಿರಬೇಕು. ಆಚೆ ಊರಿನವರ ಕೇಸಿನ ಕೆಲಸಕ್ಕೆ ನೀವು ದೇವನಹಳ್ಳಿಗೆ ಹೋಗಿದ್ದಿರಂತೆ. ಇಷ್ಟು ವರ್ಷದಲ್ಲಿ ನಾನು ನಿಮ್ಮ ಊರಿಗೆ ಬಂದದ್ದು ಅದೇ ಮೊದಲು. ಕೆರೆಯನ್ನು ನಾನು ಬರೆದದ್ದು ರಸ್ತೆಯ ಕಡೆಯಿಂದ ತೆಗೆದ ಫೋಟೋ ಇಟ್ಟುಕೊಂಡು ಎಂದು ನಿಮಗೆ ಗೊತ್ತು. ನೀವು ಕಾಗದದಲ್ಲಿ ಅದನ್ನು ಎತ್ತಿ ಆಡಲಿಲ್ಲ.

ಪಾಪಮ್ಮ ನನ್ನನ್ನು ಏರಿಯ ಮೇಲೆ ಕರೆದುಕೊಂಡು ಹೋದರು. ನಾನು ಯಾರೆಂದು ಹೇಳಿದೆ. ಓ, ಬಟ್ಟೇಲಿ ಕೆರೆ ಮಾಡೋರಾ, ಎಂದರು. ಚಪ್ಪರ ಎಲ್ಲಿತ್ತು ಎಂದು ಕೇಳಬೇಕಾಗಲೇ ಇಲ್ಲ. ಮಳೆ ಬಂದು ಏರಿಯ ಪಕ್ಕವೆಲ್ಲ ಮೊಣಕಾಲುದ್ದ ಹುಲ್ಲು ಬೆಳೆದಿದೆ. ನಡುವೆ ಒಂದು ಚೌಕ ಮಾತ್ರ ಬೋಳು. ಎರಡು ವರ್ಷ ಜನ ಕೂತು, ಎದ್ದು, ಮಲಗಿ, ಬಿಸಿಲು ಬೀಳದೆ, ನೀರು ಇಂಗದೆ ಆ ನೆಲ ಸಿಮೆಂಟಿನ ಹಾಗೆ ಗಟ್ಟಿಯಾಗಿದೆ. ಬೂದಿ ಬೆರೆಸಿದ ಹಳದಿ ಬಣ್ಣ. ಅಂಚಿನಲ್ಲಿ ಗಳು ನೆಟ್ಟ ಕುಳಿಗಳು. ಒಂದು ಎಮ್ಮೆ ಸುತ್ತಲೂ ಮೇಯುತ್ತಿತ್ತು, ಆ ಚೌಕದೊಳಕ್ಕೆ ಬಾಯಿ ಹಾಕಲಿಲ್ಲ. "ಮುಂದಿನ್ ವರ್ಷ ಬೆಳೀತದೆ ಬಿಡಮ್ಮ" ಎಂದರು ಪಾಪಮ್ಮ. ಆಮೇಲೆ, "ಬೆಳೀದಿದ್ರೂ ಆದೀತು" ಎಂದರು.

ಮಧುರೆಗೆ ಬಂದವಳೇ ನಾನೇ ಮಗ್ಗದ ಮೇಲೆ ಕೂತೆ. ಬೆರಳು ಬಗ್ಗುವುದಿಲ್ಲ, ಮಾರಕ್ಕ ಒಂದೆರಡು ಸಲ ನೋಡಲಾಗದೆ ಎದ್ದುಹೋದಳು. ಹಸಿರು ತುಂಬಲಿಲ್ಲ. ಆ ಚೌಕವನ್ನು ಬೋಳು ನೆಲವಾಗಿಯೇ ನೇಯ್ದೆ. ಉಣ್ಣೆಯಲ್ಲೇ. ಹಳದಿಗೆ ಬೂದು ಸೇರಿಸಿ, ನಡುವೆ ತಿಳಿಯಾಗಿ, ಅಂಚಿಗೆ ಬಂದಂತೆ ಕಂದಾಗಿ, ಗಳುವಿನ ಕುಳಿಗಳಿಗೆ ಒಂದೊಂದು ಎಳೆ ಕಪ್ಪು. ನನ್ನ ನಕ್ಷೆಯಲ್ಲಿ ಇದೂ ಇಲ್ಲ. ಅದನ್ನೀಗ ತಿದ್ದಿದ್ದೇನೆ.

ಹರಿಪ್ರಸಾದ್ ಫೋಟೋ ನೋಡಿ, ಇದೇನು ಮೇಡಂ ಎಂದ. ಮಣ್ಣು ಎಂದೆ. ನ್ಯಾಚುರಲ್ ಆಗಿದೆ ಎಂದ.

ಹೋಟೆಲಿನವರಿಂದ ನಾನು ಇದನ್ನು ಬಚ್ಚಿಟ್ಟೆನೋ, ಇಲ್ಲ ಹೇಳಬೇಕಾದ್ದನ್ನು ಹೇಳಿದೆನೋ, ನನಗೆ ತಿಳಿಯುತ್ತಿಲ್ಲ. ನಿಮಗೆ ಇದು ಹೇಡಿತನ ಎನ್ನಿಸಿದರೆ ಹಾಗೇ ಬರೆಯಿರಿ. ಬರುವ ತಿಂಗಳು 4ನೆಯ ತಾರೀಕು, ಶುಕ್ರವಾರ ಕತ್ತರಿಸುತ್ತೇವೆ. ಬನ್ನಿ ಎನ್ನುವ ಧೈರ್ಯ ನನಗಿಲ್ಲ.

ಪ್ರಮೋದಾ


ಕಾಡುಕುಂಟೆ
28 ಸೆಪ್ಟೆಂಬರ್ 2024

ಪ್ರಮೋದಾ,

ಹೋಟೆಲಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಬದಲಾಗುವುದೂ ಇಲ್ಲ. ಹೇಡಿತನವೋ ಅಲ್ಲವೋ ಎಂಬುದನ್ನು ನಾನು ಕಣ್ಣಾರೆ ನೋಡಿ ಹೇಳುತ್ತೇನೆ.

ನೀವು ಬರೆದದ್ದನ್ನು ಓದಿ ಸಂಜೆ ಆ ಜಾಗಕ್ಕೆ ಹೋಗಿ ನಿಂತೆ. ಪಾಪಮ್ಮ ನಿಮಗೆ ಪೂರ್ತಿ ತೋರಿಸಿಲ್ಲ. ಪಡುವಣ ಮೂಲೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ್ದೆವು. ಎರಡು ವರ್ಷ ಎರಡು ಹೊತ್ತು ಮುದ್ದೆ ಬೆಂದ ಜಾಗ. ಕಲ್ಲು ಎತ್ತಿದ್ದಾರೆ, ಮಣ್ಣು ಒಂದು ಮೊಳದಗಲ ಸುಟ್ಟು ಕರ್ರಗಾಗಿದೆ, ಸುತ್ತ ಇಟ್ಟಿಗೆಯ ಕೆಂಪು. ನೀವು ಬರೆದ ಬಣ್ಣಗಳಲ್ಲಿ ಅದಿಲ್ಲ. ಅದಿಲ್ಲದಿದ್ದರೆ ನೋಡಿದವರು ಅಲ್ಲಿ ದನ ಕಟ್ಟುತ್ತಿದ್ದರು ಎಂದುಕೊಳ್ಳುತ್ತಾರೆ.

ಅದು ನೀವು ನೇಯ್ದ ಜಾಗ. ಆ ಮೂಲೆಯನ್ನು ನೀವು ಬಿಚ್ಚಿಕೊಟ್ಟರೆ ಒಲೆಯನ್ನು ನಾನು ನೇಯುತ್ತೇನೆ. ಹೋದ ಸಲ ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ಬೇಡ ಎನ್ನುವುದಾದರೆ ಮುರಳಿಗೆ ಫೋನು ಮಾಡಿ ತಿಳಿಸಿ.

ಆ ಕಪ್ಪು ಏನು ಎಂದು ಹರಿಪ್ರಸಾದ್ ಕೇಳಿದರೆ ಒಲೆ ಎಂದು ಹೇಳಿ. ಯಾರದು ಎಂದು ಕೇಳಿದರೆ ನನ್ನ ವಿಳಾಸ ಕೊಡಿ.

ಫೋನು ಬರದಿದ್ದರೆ ಮಂಗಳವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಅಲ್ಲಿಯವರೆಗೆ ಹಾಸಿನ ಬಿಗಿ ಸಡಿಲಿಸಬೇಡಿ.

ಆದಿನಾರಾಯಣಪ್ಪ